ಡ್ರೈವರ್ ಬಂಡೆಪ್ಪ ರೊಟ್ಟಿ ಬಿಟ್ಟದ್ದು

"ಇವತ್ತಿನಿಂದ ರೊಟ್ಟಿ ನನ್ನ ಪಾಲಿಗೆ ಸತ್ತಂಗ! ಅನ್ನ ಸತ್ತಂಗ! ಸಿಹಿ ಅಂಬೂದು ಈ ಲೋಕದಾಗ ಹುಟ್ಟೇ ಇಲ್ಲ!"

ಹೀಗೆಂದು ಡ್ರೈವರ್ ಬಂಡೆಪ್ಪ ದೇವರ ಗೂಡಿನ ಮುಂದೆ ನಿಂತು, ಮನೆದೇವರು ಬೀರಪ್ಪನ ಭಂಡಾರವನ್ನು ಹಣೆಗೆ ಬಳಿದುಕೊಂಡು, ಓಣಿಗೆಲ್ಲ ಕೇಳುವ ಹಾಗೆ ಆಣೆ ಮಾಡಿದ. ಭಂಡಾರ ನೋಡಲಿಕ್ಕೆ ಅರಿಷಿಣದ ಪುಡಿ. ಆದರೆ ಅದನ್ನು ಮುಟ್ಟಿ ಆಡಿದ ಮಾತು ಅವನ ಮನೆತನದಲ್ಲಿ ಕೋರ್ಟಿನಲ್ಲಿ ಆಡಿದ ಮಾತಿಗಿಂತ ಗಟ್ಟಿ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಲಗಮವ್ವ ಕೈ ನಿಲ್ಲಿಸಲಿಲ್ಲ.

"ಸತ್ತದ್ದನ್ನ ನಾ ಯಾಕ ಬಡೀಲಿ? ಹಿಟ್ಟು ಎತ್ತಿ ಇಡ್ಲೇನ್ರಿ?"

"ನಿನಗಷ್ಟ ಬಡ್ಕೋ. ನನಗ ಬ್ಯಾಡ."

"ಡಾಕ್ಟರು ಹೊತ್ತಿಗೆ ಒಂದು ರೊಟ್ಟಿ ತಿನ್ರಿ ಅಂದಾರಲ್ಲ?"

"ಒಂದು ರೊಟ್ಟಿ ತಿಂದು ಏಳೂದು ಅಂದ್ರ ಏನದು? ಗಂಡಸಾದಾವ ಬಿಟ್ರ ಪೂರಾ ಬಿಡಬೇಕು, ತಿಂದ್ರ ಪೂರಾ ತಿನ್ನಬೇಕು!"

ಈ ಮಾತಿನ ಎರಡನೆಯ ಅರ್ಧವನ್ನು ಬಂಡೆಪ್ಪ ಎಷ್ಟು ನಿಷ್ಠೆಯಿಂದ ಪಾಲಿಸಿದ ಎನ್ನುವುದು ಮುಂದೆ ತಿಳಿಯುತ್ತದೆ.

ಇಷ್ಟು ದೊಡ್ಡ ಆಣೆಗೆ ಕಾರಣವಾದದ್ದು ಒಂದು ಮೈಲಿಗಲ್ಲು. ಬಂಡೆಪ್ಪ ಸರಕಾರಿ ಬಸ್ಸಿನ ಡ್ರೈವರು. ಬೆಳಿಗ್ಗೆ ಬಾಗಲಕೋಟೆ ಬಿಟ್ಟು ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಹೋಗುವುದು, ಮಧ್ಯಾಹ್ನ ತಿರುಗಿ ಬಂದು ಬಾದಾಮಿಗೆ ಹೊರಡುವುದು. ಆ ದಾರಿಯ ಒಂದೊಂದು ತಗ್ಗೂ ಅವನಿಗೆ ಹೆಸರು ಹಿಡಿದು ಕರೆಯುವಷ್ಟು ಸಲಿಗೆ. ದೀಪಾವಳಿ ಮುಗಿದ ಹೊಸದರಲ್ಲಿ ಒಂದು ಮುಂಜಾನೆ, ಅಮೀನಗಡದ ಈಚೆ, ತಲೆಗೆ ಬಿಳಿ ಪಟಗಾ ಸುತ್ತಿದ ಮುದುಕನೊಬ್ಬ ರಸ್ತೆಯ ಬದಿಗೆ ಕುಳಿತದ್ದು ಅವನಿಗೆ ಕಂಡಿತು. ಬ್ರೇಕ್ ಹಾಕಿದ. ಮುದುಕ ಏಳಲಿಲ್ಲ. ಹಾರ್ನ್ ಹೊಡೆದ. ಮುದುಕ ಅಲುಗಲಿಲ್ಲ.

"ಅಜ್ಜಾ, ಲಗೂ ಹತ್ತೋ, ಟೈಮ್ ಆಗೇತಿ!" ಎಂದು ಬಂಡೆಪ್ಪ ಕೂಗಿದ.

ಕಂಡಕ್ಟರ್ ಚಮನಸಾಬ ಬಾಗಿಲಿನಿಂದ ತಲೆ ಹೊರಗೆ ಹಾಕಿ ನೋಡಿ, ಬೋನೆಟ್ಟಿನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ದೋಸ್ತ, ಅಜ್ಜ ಹತ್ತೂದಿಲ್ಲ. ಅವನ ಮೈಮ್ಯಾಲ ಹುನಗುಂದ ಎಷ್ಟು ದೂರ ಐತಿ ಅಂತ ಬರದಾರ."

ಬಸ್ಸಿಗೆ ಬಸ್ಸೇ ನಕ್ಕಿತು. ಬಂಡೆಪ್ಪನೂ ನಕ್ಕ. ಆದರೆ ಮುಂದಿನ ಮೈಲಿಗಲ್ಲಿನ ಹತ್ತಿರ ಗಾಡಿಯ ವೇಗ ಇಳಿಸಿದ. ಇವತ್ತು ಮೈಲಿಗಲ್ಲು ಮುದುಕನಂತೆ ಕಂಡಿತು, ಸರಿ. ನಾಳೆ ಮುದುಕನೇ ಮೈಲಿಗಲ್ಲಿನಂತೆ ಕಂಡರೆ?

ದವಾಖಾನೆಯ ಡಾಕ್ಟರು ಮೈಸೂರು ಕಡೆಯವರು. ಬೈದರೂ ಸನ್ಮಾನ ಮಾಡಿದ ಹಾಗೆ ಇರುತ್ತಿತ್ತು. "ನೋಡಿ ಬಂಡೆಪ್ಪನವರೇ, ನಿಮಗೆ ಸಕ್ಕರೆ ಕಾಯಿಲೆ. ಅದಕ್ಕೇ ಕಣ್ಣು ಮಂಜಾಗಿದೆ. ಗುಳಿಗೆ ಕೊಡುತ್ತೇನೆ, ಆದರೆ ಗುಳಿಗೆಗಿಂತ ಊಟ ಮುಖ್ಯ. ಹೊತ್ತಿಗೆ ಒಂದೇ ರೊಟ್ಟಿ, ಅನ್ನ ಬೇಡ, ಸಿಹಿ ಮುಟ್ಟಲೇಬೇಡಿ. ಪಲ್ಯ, ಸೊಪ್ಪು, ಮೊಳಕೆ ಕಾಳು, ಮಜ್ಜಿಗೆ ಹೊಟ್ಟೆ ತುಂಬ ತೆಗೆದುಕೊಳ್ಳಿ. ಹೀಗೆ ನಡೆದುಕೊಂಡರೆ ಕಣ್ಣು ತಿಳಿಯಾಗುತ್ತದೆ."

ಡಿಪೋದವರು ಇಷ್ಟು ಸೌಮ್ಯವಾಗಿ ಹೇಳಲಿಲ್ಲ. ಯುಗಾದಿ ಆದ ಮೇಲೆ ಮೆಡಿಕಲ್. ಕಣ್ಣೂ ಸಕ್ಕರೆಯೂ ಸರಿಯಿದ್ದರೆ ಸ್ಟೇರಿಂಗು, ಇಲ್ಲದಿದ್ದರೆ ಗೇಟು.

ಗೇಟು ಎಂದರೆ ಏನೆಂದು ಬಂಡೆಪ್ಪನಿಗೆ ಗೊತ್ತಿತ್ತು. ಅವನಿಗೆ ಗಾಡಿ ಕಲಿಸಿದ ಗುರು ಯಮನಪ್ಪ ಇದೇ ಬೇನೆಗೆ ಸ್ಟೇರಿಂಗು ಕಳೆದುಕೊಂಡು, ಈಗ ಡಿಪೋದ ಗೇಟಿನಲ್ಲಿ ಸರಪಳಿ ಹಿಡಿದು ಕುಳಿತಿದ್ದ. ತಾನು ಕಲಿಸಿದವರ ಗಾಡಿ ಬಂದರೆ ಸರಪಳಿ ಇಳಿಸುವುದು, ಹೋದರೆ ಏರಿಸುವುದು. ಬಂಡೆಪ್ಪ ಭಂಡಾರ ಮುಟ್ಟಿದ್ದು ರೊಟ್ಟಿಯ ಮೇಲಿನ ಸಿಟ್ಟಿಗಲ್ಲ, ಆ ಸರಪಳಿಯ ಹೆದರಿಕೆಗೆ.

ಮೊದಮೊದಲು ಆಣೆ ಚೆನ್ನಾಗಿಯೇ ನಡೆಯಿತು. ಬುತ್ತಿಯ ಗಂಟಿನಲ್ಲಿ ಹಕ್ಕರಕಿ, ಮೆಂತೆ ಸೊಪ್ಪು, ಸವತಿಕಾಯಿ, ಮೊಳಕೆ ಬರಿಸಿದ ಮಡಕಿಕಾಳು. ಇಳಕಲ್ಲಿನ ಸ್ಟ್ಯಾಂಡಿನಲ್ಲಿ ಅವನು ಸೊಪ್ಪು ಮೇಯುವುದನ್ನು ಕಂಡು ಎಮ್ಮೆಗಳು ಹತ್ತಿರ ಬಂದು ನಿಲ್ಲತೊಡಗಿದವು. ಬಂಡೆಪ್ಪ ಮಾತ್ರ ತಪಸ್ಸಿಗೆ ಕುಳಿತವನ ಗತ್ತಿನಲ್ಲಿ, "ಮನಸ್ಸು ಗಟ್ಟಿ ಇದ್ರ ಏನೂ ದೊಡ್ಡದಲ್ಲಲೇ" ಎಂದು ಚಮನಸಾಬನಿಗೆ ಉಪದೇಶ ಮಾಡುತ್ತಿದ್ದ. ಚಮನಸಾಬ ಎದುರಿಗೇ ಕುಳಿತು ರೊಟ್ಟಿ ಮುರಿಯುತ್ತ, "ಹೌದಪಾ, ಹೌದು" ಎನ್ನುತ್ತಿದ್ದ.

ಆದರೆ ಆ ದಾರಿಗೆ ಒಂದು ವಾಡಿಕೆ ಇತ್ತು. ಯಾರ ಮನೆಯಲ್ಲಿ ಏನು ಸಂತೋಷವಾದರೂ ಸಿಹಿಯ ಮೊದಲ ಪಾಲು ಬಸ್ಸಿನ ಡ್ರೈವರಿಗೆ. ಹೆರಿಗೆಗೆ ದವಾಖಾನೆಗೆ ಹೋಗುವ ಬಸುರಿ, ಹೆಣ್ಣು ನೋಡಲು ಹೊರಟ ವರ, ಪರೀಕ್ಷೆಗೆ ಹೋಗುವ ಮಕ್ಕಳು, ಎಲ್ಲರೂ ಅವನ ಬಸ್ಸಿನಲ್ಲಿಯೇ ಹೋಗಬೇಕಲ್ಲ! ಮಗು ಹುಟ್ಟಿದರೆ ಪೇಡೆ, ಎಮ್ಮೆ ಈದರೆ ಗಿಣ್ಣ, ಮದುವೆ ಗೊತ್ತಾದರೆ ಸಕ್ಕರೆ, ಏನೂ ಆಗದಿದ್ದರೆ ಸುಮ್ಮನೆ ಒಂದು ತುಣುಕು ಬೆಲ್ಲ. ಬಂಡೆಪ್ಪ ಇಷ್ಟು ವರ್ಷ ತಿಂದದ್ದು ಸಕ್ಕರೆಯನ್ನಲ್ಲ, ಆ ದಾರಿಯ ಜನರ ಪ್ರೀತಿಯನ್ನು. ರಕ್ತದಲ್ಲಿ ಸೇರಿದ್ದು ಮಾತ್ರ ಸಕ್ಕರೆ.

ಅಮೀನಗಡದ ಸ್ಟ್ಯಾಂಡಿನಲ್ಲಿ ಹುಚ್ಚವ್ವ ಎಂಬ ಮುದುಕಿ ಹತ್ತಿದಳು. ಅವಳ ಮೊಮ್ಮಗಳಿಗೆ ಹುನಗುಂದದಲ್ಲಿ ಮಾಸ್ತರಿಣಿ ಕೆಲಸ ಸಿಕ್ಕಿತ್ತು. ಆ ಹುಡುಗಿ ಓದುವ ಕಾಲದಲ್ಲಿ, ಅವಳು ಓಡಿ ಬರುವುದು ಕಂಡರೆ ಬಂಡೆಪ್ಪ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹುಚ್ಚವ್ವ ಅದನ್ನು ಮರೆತಿರಲಿಲ್ಲ. ಬಸ್ಸು ಹೊರಟಿತ್ತು, ಬಂಡೆಪ್ಪನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. "ತಮ್ಮಾ, ಬಾಯಿ ತಗಿ" ಎಂದಳು ಮುದುಕಿ. "ಯಾಕ ಆಯಿ?" ಎಂದು ಕೇಳಲು ಬಂಡೆಪ್ಪ ಬಾಯಿ ತೆರೆದ. ಅಷ್ಟೇ ಸಾಕಾಯಿತು. ಒಳ್ಳೇ ಅಂಗೈಯಗಲದ ಕರದಂಟು, ಅಂಟು, ಗೋಡಂಬಿ, ಕೊಬ್ಬರಿ, ಬೆಲ್ಲದ ಪಾಕ ಸಮೇತ ಒಳಗೆ ಹೋಯಿತು! ಉಗುಳೋಣವೆಂದರೆ ಮುದುಕಿಯ ಕಣ್ಣಲ್ಲಿ ನೀರು. ನುಂಗೋಣವೆಂದರೆ ಭಂಡಾರ. ಬಂಡೆಪ್ಪ ಕಣ್ಣು ಮುಚ್ಚುವ ಹಾಗೂ ಇರಲಿಲ್ಲ, ಎದುರಿಗೆ ಲಾರಿ ಬರುತ್ತಿತ್ತು. ನುಂಗಿದ.

ಇಲ್ಲಿಗೇ ಮುಗಿದಿದ್ದರೆ ಒಂದು ತುಣುಕು ಕರದಂಟಿನಿಂದ ಯಾವ ಬಸ್ಸೂ ಮುಳುಗುತ್ತಿರಲಿಲ್ಲ. ಆದರೆ ಬಂಡೆಪ್ಪನ ಲೆಕ್ಕದಲ್ಲಿ ಇದು ಪಥ್ಯವಲ್ಲ, ವ್ರತ. ಪಥ್ಯ ತಪ್ಪಿದರೆ ಮುಂದಿನ ಊಟಕ್ಕೆ ಸರಿಮಾಡಿಕೊಳ್ಳಬಹುದು. ವ್ರತ ಹಾಗಲ್ಲ. ಒಮ್ಮೆ ಕೆಟ್ಟಿತೋ, ಕೆಟ್ಟಿತು. ಮತ್ತೆ ಹಿಡಿಯಬೇಕಾದರೆ ಅಮಾವಾಸ್ಯೆ ಬರಬೇಕು.

"ಹೆಂಗೂ ಕೆಟ್ಟೇತಿ" ಎಂದು ಹುನಗುಂದದಲ್ಲಿ ಚಹ ಕುಡಿದ, ಸಕ್ಕರೆ ಜಾಸ್ತಿ ಹಾಕಿಸಿ. "ಹೆಂಗೂ ಕೆಟ್ಟೇತಿ" ಎಂದು ಇಳಕಲ್ಲಿನ ಹೋಟೆಲಿನಲ್ಲಿ ಜಿಲೇಬಿ ತಿಂದ. ಮನೆಗೆ ಬಂದು "ಹೆಂಗೂ ಕೆಟ್ಟೇತಿ, ಎಷ್ಟು ರೊಟ್ಟಿ ಅದಾವ ತಾ" ಎಂದ.

"ಆಣಿ?" ಎಂದಳು ಲಗಮವ್ವ.

"ಅಮಾಸಿಗೆ ಹೊಸಾದು ಮಾಡ್ತೇನಿ."

"ಅಲ್ಲೀತನಕಾ?"

"ಅಲ್ಲೀತನಕಾ ಆಣಿ ಇಲ್ಲಲ್ಲ!"

ಆಣೆ ಮುರಿದದ್ದಕ್ಕೆ ತಪ್ಪು ಒಪ್ಪಿಸಿಕೊಳ್ಳಬೇಕಲ್ಲವೇ? ಅಮಾವಾಸ್ಯೆಯ ದಿನ ಗಂಡ ಹೆಂಡತಿ ಬೀರಪ್ಪನ ಗುಡಿಗೆ ಹೋದರು. ಪೂಜಾರಿ ಹುಲ್ಲಪ್ಪ ಎಲ್ಲವನ್ನೂ ಗಂಭೀರವಾಗಿ ಕೇಳಿ, ಗಡ್ಡ ನೀವಿಕೊಂಡು ತೀರ್ಪು ಕೊಟ್ಟ: "ದೇವರಿಗೆ ಹೋಳಗಿ ಎಡಿ ಮಾಡ್ರಿ. ತಪ್ಪಿದಾವ ಮೊದಲ ಪ್ರಸಾದ ತಿನ್ನಬೇಕು. ಹೊಟ್ಟಿ ತುಂಬ."

"ಅಪ್ಪಾ, ಒಂದು ಚೂರು ಬಾಯಾಗ ಹಾಕ್ಕೊಂಡ್ರ ನಡೀತೈತೇನು?" ಎಂದು ಬಂಡೆಪ್ಪ ಕೇಳಿದ.

"ದೇವರ ಹಂತ್ಯಾಕ ಚೌಕಾಸಿ ಮಾಡ್ತೀ?" ಎಂದು ಹುಲ್ಲಪ್ಪ ಕಣ್ಣು ಕೆಂಪಗೆ ಮಾಡಿದ.

ಹೀಗಾಗಿ, ಸಿಹಿ ತಿನ್ನುವುದಿಲ್ಲವೆಂಬ ಆಣೆ ಮುರಿದ ತಪ್ಪಿಗೆ ಬಂಡೆಪ್ಪ ತುಪ್ಪ ಸುರಿದ ಹೋಳಿಗೆಗಳನ್ನು ದಂಡವಾಗಿ ತಿಂದ! ಅವತ್ತೇ ಆಣೆ ಹೊಸದಾಯಿತು. ಮುಂದೆ ಎಳ್ಳಮಾವಾಸ್ಯೆ ಬಂತು, ಹೊಲದಲ್ಲಿ ಚರಗದ ಎಡೆ ಚೆಲ್ಲಿದವರು ಬಸ್ಸು ನಿಲ್ಲಿಸಿ ಸಜ್ಜಿ ಕಡಬು ಕೊಟ್ಟರು. ಆಣೆ ಮುರಿಯಿತು, ಹೋಳಿಗೆ ತಿಂದ. ಸಂಕ್ರಮಣ ಬಂತು, ಕುಸುರೆಳ್ಳು ಕೊಟ್ಟರು. ಮುರಿಯಿತು, ತಿಂದ. "ಕರದಂಟಿಗಿಂತ ದಂಡಾನ ಭಾರ ಆತಲ್ರೀ!" ಎಂದು ಲಗಮವ್ವ ಹಣೆ ಬಡಿದುಕೊಂಡಳು.

ಪರಿಣಾಮ ನೋಡುವ ಉಪಾಯವೂ ಮನೆಯಲ್ಲಿಯೇ ಇತ್ತು. ಡಾಕ್ಟರು ಒಂದು ಸೀಸೆ ನೀಲಿ ಔಷಧ, ಒಂದು ಗಾಜಿನ ನಳಿಗೆ ಕೊಟ್ಟಿದ್ದರು. ನೀಲಿ ಔಷಧಕ್ಕೆ ನಾಲ್ಕು ಹನಿ ಮೂತ್ರ ಬಿಟ್ಟು ಕಾಯಿಸಿದರೆ ಬಣ್ಣ ಹೇಳುತ್ತದೆ. ನೀಲಿಯಾಗಿಯೇ ಉಳಿದರೆ ಗೆದ್ದಂತೆ. ಹಸಿರಾದರೆ ಹುಷಾರು, ಹಳದಿಯಾದರೆ ತಪ್ಪು, ಇಟ್ಟಂಗಿಯ ಕೆಂಪಾದರೆ ದೇವರೇ ಗತಿ. ಲಗಮವ್ವ ಅಡಿಗೆ ಒಲೆಯ ಹತ್ತಿರ ಬಿಟ್ಟುಕೊಳ್ಳದೆ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಇಕ್ಕಳದಲ್ಲಿ ನಳಿಗೆ ಹಿಡಿದು ಕಾಯಿಸುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಬಣ್ಣ ಬರುತ್ತಿತ್ತು. ಸಂಕ್ರಮಣದ ಮರುದಿನ ಅವಳು ನಳಿಗೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದಳು. ಆಮೇಲೆ ತನ್ನ ಇಳಕಲ್ ಸೀರೆಯ ಕೆಂಪು ಸೆರಗನ್ನು ಪಕ್ಕಕ್ಕೆ ಹಿಡಿದು ತೋರಿಸಿದಳು. ಎರಡೂ ಒಂದೇ.

ಅವತ್ತು ಡಿಪೋದ ಗೇಟಿನಲ್ಲಿ ಬಂಡೆಪ್ಪ ಯಮನಪ್ಪನ ಪಕ್ಕದ ಕಲ್ಲಿನ ಮೇಲೆ ಕುಳಿತ. ಒಂದು ಬಸ್ಸು ಹಾರ್ನ್ ಹೊಡೆಯಿತು, ಯಮನಪ್ಪ ಸರಪಳಿ ಇಳಿಸಿ ಬಂದ.

"ಖರೆ ಹೇಳ್ಲಿ, ಬಂಡೆಪ್ಪಾ? ಹಾರ್ನ್ ಕೇಳಿದ್ರ ಇನ್ನೂ ನನ್ನ ಬಲಗಾಲು ತಾನ ನೆಲಾ ಒತ್ತತೈತಿ. ಎಕ್ಸಿಲೇಟರ್ ಎಲ್ಲೈತಿ ಅಂತ ಹುಡಕತೈತಿ."

ಬಂಡೆಪ್ಪ ಅವನ ಕಾಲು ನೋಡಿದ. ಕಾಲ ಕೆಳಗೆ ಮಣ್ಣು ಅಷ್ಟಗಲ ಗುಳಿ ಬಿದ್ದಿತ್ತು.

"ನೀವೂ ಪಥ್ಯ ಮಾಡಿದ್ರಲ್ಲ ಅಣ್ಣಾರ?"

"ಮಾಡಿದ್ನಿ. ತಪ್ಪಿದಾಗೊಮ್ಮೆ, ಬರೂ ಅಮಾಸಿಯಿಂದ ಸುರು ಮಾಡ್ತೇನಿ ಅಂತಿದ್ನಿ" ಎಂದ ಯಮನಪ್ಪ. "ಅಮಾಸಿ ಭಾಳ ಬಂದ್ವು."

ಆ ಮಾತು ಬಂಡೆಪ್ಪನ ಎದೆಗೆ ನಾಟಿತು. ಆದರೆ ತಲೆಗೆ ತಪ್ಪು ದಾರಿಯಿಂದ ಹತ್ತಿತು. ತಿಂದರೆ ತಾನೇ ಮುರಿಯುವುದು? ಯಾರು ಏನು ಕೊಟ್ಟರೂ ಇಸಿದುಕೊಂಡು ಕಣ್ಣಿಗೊತ್ತಿಕೊಂಡು, "ಮನಿಗೆ ಒಯ್ದು ತಿಂತೇನಿ" ಎಂದು ಸೀಟಿನ ಕೆಳಗಿನ ಹತ್ಯಾರದ ಪೆಟ್ಟಿಗೆಯಲ್ಲಿ ಇಡುವುದು ಎಂದು ನಿಶ್ಚಯಿಸಿದ. ಕೊಟ್ಟವರಿಗೂ ಸಂತೋಷ, ಬೀರಪ್ಪನಿಗೂ ಸಂತೋಷ! ಮನೆಗೆ ಒಯ್ಯುವ ಧೈರ್ಯ ಮಾತ್ರ ಅವನಿಗೆ ಇರಲಿಲ್ಲ, ಒಯ್ದರೆ ತಿಂದುಬಿಡುತ್ತಾನೆ. ಚೆಲ್ಲಲು ಮನಸ್ಸಿರಲಿಲ್ಲ, ಅದು ಪ್ರೀತಿಯಿಂದ ಕೊಟ್ಟದ್ದು. ಹೀಗೆ ಸುತ್ತಿಗೆ, ಜಾಕು, ಸ್ಪ್ಯಾನರುಗಳ ನಡುವೆ ಕರದಂಟು, ಪೇಡೆ, ಬೇಸನ್ ಉಂಡೆ ತುಂಬುತ್ತ ಹೋದವು. ಪಕ್ಕದಲ್ಲಿಯೇ ಎಂಜಿನ್ನು. ಅದರ ಬಿಸಿಗೆ ಬೆಲ್ಲ ಕರಗಿತು. ಕರಗಿದ ಬೆಲ್ಲದ ಸುದ್ದಿ ಡಿಪೋದ ಇರುವೆಗಳಿಗೆಲ್ಲ ಮುಟ್ಟಿತು.

ಬಾದಾಮಿಯ ದಾರಿಯಲ್ಲಿ, ಬಸ್ಸು ತುಂಬಿ ತುಳುಕುತ್ತಿದ್ದಾಗ, ಮೊದಲನೆಯ ಇರುವೆ ಬಂಡೆಪ್ಪನ ಪ್ಯಾಂಟಿನೊಳಗೆ ಹೊಕ್ಕಿತು. ಕಚ್ಚಲಿಲ್ಲ. ಹಿಂದಿನವರನ್ನು ಕರೆಯಿತು. ಎಲ್ಲ ಬಂದು ಸೇರಿದ ಮೇಲೆ ಒಮ್ಮೆಗೇ ಕಚ್ಚಿದವು!

ಬಂಡೆಪ್ಪ ಗಾಡಿಯನ್ನು ರಸ್ತೆಯ ಬದಿಗೆ ಹೇಗೆ ನಿಲ್ಲಿಸಿದನೋ ಅವನ ಗುರುವಿಗೇ ಗೊತ್ತು. ಬಾಗಿಲು ತೆರೆದು ಕೆಳಗೆ ಹಾರಿದ. "ಹೋಯ್!" ಎಂದು ಕೂಗಿ ಒಂದು ಕಾಲಿನ ಮೇಲೆ ಕುಣಿದ, ಆಮೇಲೆ ಇನ್ನೊಂದು ಕಾಲಿನ ಮೇಲೆ. ಮೈ ನಡುಗಿಸಿದ, ತಲೆ ಕೊಡವಿದ, ಹೊಡೆಮರಳಿ ಹಾರಿದ. ಹಣೆಯಲ್ಲಿ ನೋಡಿದರೆ ಬೆಳಗಿನ ಭಂಡಾರ. ಪಟ್ಟದಕಲ್ಲಿನ ಕಡೆಯ ಹಿರಿಯರೊಬ್ಬರು ಕಿಟಕಿಯಿಂದ ನೋಡಿ ಎದ್ದು ನಿಂತರು.

"ಏಳ್ರಿ! ಡ್ರೈವರಪ್ಪನ ಮೈಮ್ಯಾಲ ಬೀರಪ್ಪ ಬಂದಾನ!"

ಬಸ್ಸೇ ಕೆಳಗಿಳಿಯಿತು. ಹೆಂಗಸರು ಸೆರಗು ಹೊದ್ದು ಕೈಮುಗಿದರು. ಯಾರೋ ಕಾಯಿ ಒಡೆದರು.

"ಅಪ್ಪಾ, ಬರೂ ವರ್ಷ ಮಳಿ ಬೆಳಿ ಹೆಂಗ? ನಿನ್ನ ಬಾಯಿಲೆ ಹೇಳು!" ಎಂದರು ಹಿರಿಯರು.

"ಇರಿವೀ! ಇರಿವೀ!" ಎಂದು ಬಂಡೆಪ್ಪ ಅರಚಿದ.

"ಕೇಳಿದ್ರೆಲ್ಲೋ! ಇರಿವಿ ಸಾಲು ಹಿಡಿದ್ರ ಮಳಿ ಗಟ್ಟಿ! ದೇವರು ಪಸಂದ ನುಡದಾನ!"

ಚಮನಸಾಬ ಇರುವೆಯನ್ನು ಕಣ್ಣಾರೆ ಕಂಡಿದ್ದ. ಆದರೆ ದೇವರ ವಿಷಯದಲ್ಲಿ ತಾನು ಬಾಯಿ ಹಾಕುವುದು ಸರಿಯಲ್ಲವೆಂದು ಟಿಕೆಟ್ ಚೀಲ ಅವಚಿಕೊಂಡು ದೂರ ನಿಂತಿದ್ದ. ಮೈಮೇಲೆ ಬಂದ ದೇವರನ್ನು ತಣ್ಣಗೆ ಮಾಡುವ ಪದ್ಧತಿ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾಲ್ಕು ಜನ ಬಂಡೆಪ್ಪನನ್ನು ಭಕ್ತಿಯಿಂದ ಅವಚಿ ಹಿಡಿದರು, ಐದನೆಯವರು ಬಾಯಿಗೆ ಬಾಳೆಹಣ್ಣು ಇಟ್ಟರು, ಆರನೆಯವರು ಒಂದು ಹೆಂಟೆ ಬೆಲ್ಲ ತುರುಕಿದರು. "ಬ್ಯಾಡ! ನನಗ ಸಕ್ಕರಿ ಬ್ಯಾನಿ!" ಎಂದು ಅವನು ಒದರಿದ್ದು ಬೆಲ್ಲದ ಹಿಂದೆಯೇ ಉಳಿಯಿತು. ಬಸ್ಸು ಬಾದಾಮಿ ಮುಟ್ಟುವ ಹೊತ್ತಿಗೆ ಬಂಡೆಪ್ಪನ ಪಾದ ಮುಟ್ಟದವರು ಯಾರೂ ಉಳಿದಿರಲಿಲ್ಲ, ಇರುವೆಗಳನ್ನೂ ಸೇರಿಸಿ.

ಮನೆಯಲ್ಲಿ ಲಗಮವ್ವ ಪ್ಯಾಂಟು ಕೊಡವುತ್ತ ಕೊಡವುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಂಡೆಪ್ಪ ನಗಲಿಲ್ಲ. ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕುಳಿತಿದ್ದ. ಕಾಲಿನ ತುಂಬ ದದ್ದು.

"ನನ್ನ ಕಡಿಂದ ಆಗೂದಿಲ್ಲ, ಲಗಮವ್ವ. ಎಷ್ಟು ಸಲ ಬೀಳ್ಲಿ? ಯಮನಪ್ಪನ ಬಾಜೂ ಇನ್ನೊಂದು ಕಲ್ಲು ಹಾಕ್ತಾರ, ಅಲ್ಲೇ ಕುಂದರ್ತೇನಿ."

ಅವನ ದನಿ ಕೇಳಿ ಅವಳ ನಗು ನಿಂತಿತು. ಮದುವೆಯಾಗಿ ಬಂದ ಹೊಸದರಲ್ಲಿ ಅವನು ಖಾಲಿ ಬಸ್ಸಿನ ಸ್ಟೇರಿಂಗು ಮುಟ್ಟಿಸಿ, "ಇದು ನಂದು" ಎಂದು ತೋರಿಸಿದ್ದು ಅವಳಿಗೆ ನೆನಪಿತ್ತು. ಹೊಲ ಇಲ್ಲದ ಮನೆತನದ ಗಂಡಸು ತನ್ನದೆಂದು ತೋರಿಸಿದ್ದು ಅದೊಂದನ್ನೇ.

"ಒಂದು ಮಾತು ಕೇಳ್ತೇನಿ. ಗಾಡಿ ಪಂಕ್ಚರ್ ಆದ್ರ ಏನು ಮಾಡ್ತೀರಿ?"

"ಗಾಲಿ ಬದಲಿ ಮಾಡಿ ಹೋಗ್ತೇನಿ."

"ಹೊಳ್ಳಿಸ್ಕೊಂಡು ಡಿಪೋಕ್ಕ ಬರೂದಿಲ್ಲೇನು? ಒಂದು ಗಾಲಿ ಹೆಂಗೂ ಹೋಗೇತಿ ಅಂತ ಉಳದ ಗಾಲೀದೂ ಹವಾ ಬಿಡೂದಿಲ್ಲೇನು? ಬರೂ ಅಮಾಸಿಗೆ ಗಾಡಿ ಬಿಡ್ತೇನಿ, ಅಲ್ಲೀತನಕಾ ಮಂದಿ ಅಡವ್ಯಾಗ ಕುಂದರ್ರಿ ಅನ್ನೂದಿಲ್ಲೇನು?"

ಬಂಡೆಪ್ಪ ಬಾಯಿ ತೆರೆದ. ಈ ಸಲ ಅದರಲ್ಲಿ ಯಾರೂ ಏನನ್ನೂ ಹಾಕಲಿಲ್ಲ. ತಾನೇ ಮುಚ್ಚಿಕೊಂಡ.

"ಆ ಆಣಿ ನನಗ ಕೊಟ್ಟುಬಿಡ್ರಿ" ಎಂದು ಲಗಮವ್ವ ಗೂಡಿನಲ್ಲಿದ್ದ ಭಂಡಾರದ ಚೀಲ ತೆಗೆದು ಸೆರಗಿಗೆ ಕಟ್ಟಿಕೊಂಡಳು. "ಇದರ ಭಾರ ನಾ ಹೊರ್ತೇನಿ. ನಿಮಗ ಆಣಿ ಇಲ್ಲ, ದಂಡ ಇಲ್ಲ, ಹೋಳಗಿ ಇಲ್ಲ. ಹೊತ್ತಿಗೆ ಒಂದು ರೊಟ್ಟಿ ತಿನ್ರಿ. ತಪ್ಪಿತು? ಮುಂದಿನ ಊಟಕ್ಕ ನೆಟ್ಟಗ ಆಗ್ರಿ. ಅಷ್ಟ."

ಮರುದಿನ ಇಳಕಲ್ಲಿನಲ್ಲಿ ತಂಗಿಯನ್ನು ನೋಡಿ ಬರುತ್ತೇನೆಂದು ಅವಳೂ ಬಸ್ಸು ಹತ್ತಿದಳು. ಹಿಂದಿನ ಸೀಟಿನಲ್ಲಿ ಕುಳಿತು, ಹತ್ತುವವರು ಇಳಿಯುವವರು ಯಾರನ್ನೂ ಬಿಡದೆ ಮಾತಿಗೆಳೆಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಹುಚ್ಚವ್ವನ ಜೊತೆ ಒಂದು ಸುತ್ತು, ಇಳಕಲ್ಲಿನ ನೇಕಾರರ ಮನೆಯ ಜೈನಬಿಯ ಜೊತೆ ಒಂದು ಸುತ್ತು. "ಬಾಯಿಗೆ ಬ್ರೇಕ್ ಇಲ್ಲ" ಎಂದುಕೊಂಡು ಬಂಡೆಪ್ಪ ಗಾಡಿ ಹೊಡೆದ.

ಅಲ್ಲಿಂದ ಮುಂದೆ ಒಂದು ವಿಚಿತ್ರ ನಡೆಯಿತು. ದಾರಿಯ ಮೇಲೆ ಸಂತೋಷಗಳೇ ನಿಂತುಹೋದವು! ಯಾರೂ ಪೇಡೆ ಕೊಡಲಿಲ್ಲ, ಯಾರೂ ಸಕ್ಕರೆ ಹಂಚಲಿಲ್ಲ. ಹುಚ್ಚವ್ವನೂ ಅವನ ಮುಖ ನೋಡದೆ ಹತ್ತಿ ಹಿಂದೆ ಹೋಗಿ ಕುಳಿತುಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನವರೆಲ್ಲ ತಲೆ ಬಗ್ಗಿಸಿ ಬಾಯಾಡಿಸುತ್ತಿದ್ದರು. ಎಲೆ ಅಡಿಕೆ ಇರಬೇಕು.

"ಚಮನಸಾಬ, ಈ ಕಡಿ ಯಾರ ಮನ್ಯಾಗೂ ಕೂಸು ಹುಟ್ಟಲಿಲ್ಲೇನು? ಒಂದು ಎಮ್ಮಿನೂ ಈಯಲಿಲ್ಲೇನಲೇ?"

"ತುಟ್ಟಿ ಕಾಲ, ದೋಸ್ತ" ಎಂದ ಚಮನಸಾಬ ಕಿಟಕಿಯ ಹೊರಗೆ ನೋಡುತ್ತ. "ಎಮ್ಮಿನೂ ವಿಚಾರ ಮಾಡಿ ಈಯ್ತಾವ."

ಬಂಡೆಪ್ಪನಿಗೆ ಬೇಸರವಾಯಿತು. ಸಿಹಿ ಹೋದದ್ದಕ್ಕಲ್ಲ. ಇರುವೆಯ ಕುಣಿತ ಕಂಡು ಜನ ತನ್ನನ್ನು ದೂರ ಇಟ್ಟರೇ? ಮಂಜುಗಣ್ಣಿನ ಡ್ರೈವರನೆಂದು ಈಗಲೇ ಕೈಬಿಟ್ಟರೇ? ಆ ಬೇಸರದಲ್ಲಿ ಒಂದು ದಿನ ಹುನಗುಂದದಲ್ಲಿ ಇಳಿದು ಗಿರ್ಮಿಟ್ಟು, ಮಿರ್ಚಿ ಭಜಿ ಹೊಟ್ಟೆ ತುಂಬ ತಿಂದ. ತಿಂದ ಮೇಲೆ "ಹೆಂಗೂ ಕೆಟ್ಟೇತಿ" ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದರ ಹಿಂದೆಯೇ ಉಳಿದ ಗಾಲಿಗಳ ಗಾಳಿ ಬಿಡುತ್ತಿರುವ ತನ್ನ ಚಿತ್ರ ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ಸಂಜೆ ಮನೆಗೆ ಹೋಗಿ ಒಂದು ರೊಟ್ಟಿ, ಎರಡು ಹಿಡಿ ಹಕ್ಕರಕಿ ತಿಂದು ಕೈ ತೊಳೆದ. ಅವನ ಜೀವನದಲ್ಲಿ ಅಮಾವಾಸ್ಯೆಗೆ ಕಾಯದೆ ಎದ್ದದ್ದು ಅದೇ ಮೊದಲು. ಆಮೇಲೂ ತಪ್ಪಿದ, ಆಮೇಲೂ ಎದ್ದ. ಹಿತ್ತಲಿನ ನಳಿಗೆ ಕೆಂಪಿನಿಂದ ಹಳದಿಗೆ ಬಂತು, ಶಿವರಾತ್ರಿಯ ಹೊತ್ತಿಗೆ ಹಸಿರಾಯಿತು. ಒಂದು ಬೆಳಿಗ್ಗೆ ನೀಲಿ ನೀಲಿಯಾಗಿಯೇ ಉಳಿದಾಗ ಗಂಡ ಹೆಂಡತಿ ಆ ನಳಿಗೆಯನ್ನು ಹಿಡಿದುಕೊಂಡು ಹಿತ್ತಲಿನಲ್ಲಿಯೇ ಕುಳಿತುಬಿಟ್ಟರು. ಅವತ್ತು ಅಮೀನಗಡದ ಈಚೆ ಮೈಲಿಗಲ್ಲು ಮೈಲಿಗಲ್ಲಾಗಿಯೇ ಕಂಡಿತು. ಮೇಲಿನ ಅಕ್ಷರವನ್ನೂ ಬಂಡೆಪ್ಪ ಗಟ್ಟಿಯಾಗಿ ಓದಿದ.

ಯುಗಾದಿಯ ಮೇಲೆ ಮೆಡಿಕಲ್ ಆಯಿತು. ಪಾಸಾದ! ಡಿಪೋದ ಗೇಟಿನಲ್ಲಿ ಯಮನಪ್ಪ ಓಡಿ ಬಂದು ಅಪ್ಪಿಕೊಂಡ. ಸುತ್ತ ಡ್ರೈವರು ಕಂಡಕ್ಟರುಗಳೆಲ್ಲ ನೆರೆದರು. ನೆರೆದ ಜನ ಕಂಡ ಕೂಡಲೇ ಬಂಡೆಪ್ಪನ ಎದೆ ಮತ್ತೆ ಉಬ್ಬಿತು.

"ಮನಸ್ಸು ಗಟ್ಟಿ ಇರಬೇಕಪಾ! ಈ ದಾರ್ಯಾಗ ದಿನಾ ಮುಂಜಾನಿಂದ ಸಂಜಿತನಕಾ ಸಿಹಿ ನಡುವ ಗಾಡಿ ಹೊಡದೇನಿ. ಒಂದು ತುಣಕು ಮುಟ್ಟಿದ್ನೇನು? ಕೇಳ್ರಿ ಚಮನಸಾಬನ್ನ!"

ಚಮನಸಾಬನಿಗೆ ಯಾಕೋ ಒಮ್ಮೆಲೇ ಕೆಮ್ಮು ಬಂತು.

ಮರುದಿನ ಬಂಡೆಪ್ಪ ವಾಡಿಕೆಯನ್ನು ತಿರುಗಿಸಿ ಹಾಕಿದ. ಇಷ್ಟು ವರ್ಷ ದಾರಿಯ ಸಂತೋಷವನ್ನು ತಾನು ತಿಂದಿದ್ದಾನೆ, ಇವತ್ತು ತನ್ನ ಸಂತೋಷವನ್ನು ದಾರಿಗೆ ಹಂಚಬೇಕು. ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಒಂದು ದೊಡ್ಡ ಪೊಟ್ಟಣ ಕರದಂಟು ಕೊಂಡು, ಎಂದೂ ಇಲ್ಲದವನು ಹಿಂದಿನ ಬಾಗಿಲಿನಿಂದ ಹತ್ತಿದ.

ಹಿಂದಿನ ಸೀಟುಗಳಲ್ಲಿ ಗದ್ದಲವೆದ್ದಿತು. ಒಬ್ಬರು ಕೈ ಹಿಂದೆ ಮಾಡಿಕೊಂಡರು, ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಜೈನಬಿ ತಟ್ಟನೆ ನುಂಗಲು ಹೋಗಿ ಬಿಕ್ಕಿದಳು. ಹುಚ್ಚವ್ವನ ಮುಚ್ಚಿದ ಮುಷ್ಟಿಯಿಂದ ಪೇಡೆಯ ಪುಡಿ ಉದುರುತ್ತಿತ್ತು. ಅವಳ ಮಡಿಲಲ್ಲಿ ಸಕ್ಕರೆಯ ಪೊಟ್ಟಣ, ಮೊಮ್ಮಗಳ ಮದುವೆ ಗೊತ್ತಾಗಿತ್ತು.

"ಏನ ಆಯಿ ಇದು?" ಎಂದ ಬಂಡೆಪ್ಪ. ದನಿ ಸಣ್ಣಗಾಗಿತ್ತು. "ನನಗ ಹೇಳಲೂ ಇಲ್ಲ?"

"ಏನ ಮಾಡ್ಲಪಾ ತಮ್ಮಾ! ನಿನ್ನ ಹೇಣ್ತಿ ಆವತ್ತ ಇದ ಸೀಟಿನ್ಯಾಗ ಕುಂತು ಎಲ್ಲಾರ ಕೈಯಾಗೂ ಭಂಡಾರ ಮುಟ್ಟಿಸ್ಯಾಳ. ನಿನ್ನ ಕಣ್ಣಿಗೆ ಸಿಹಿ ಬೀಳಬಾರದು, ಹಿಂದ ಕುಂತು ಕದ್ದು ತಿನ್ನಬೇಕು ಅಂತ."

"ನನಗೂ ಮುಟ್ಟಿಸ್ಯಾಳ್ರಿ, ಭಾಯಿ" ಎಂದಳು ಜೈನಬಿ ಬಿಕ್ಕುತ್ತಲೇ. "ನಾ ಅಲ್ಲಾನ ಮ್ಯಾಲೂ ಆಣಿ ಮಾಡೇನಿ, ಗಟ್ಟಿ ಇರಲಿ ಅಂತ."

ಬಂಡೆಪ್ಪ ಕರದಂಟಿನ ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದ. ಅವನು ಸಲ ಸಲಕ್ಕೆ ಮುರಿದ ಆಣೆಯನ್ನು ಈ ಜನ, ಇಷ್ಟು ಜನ, ದಿನವೂ ಟಿಕೆಟ್ ತೆಗೆಸಿ ಅವನ ಬೆನ್ನ ಹಿಂದೆ ಕುಳಿತು ಕಾಯ್ದುಕೊಂಡು ಬಂದಿದ್ದರು.

"ಅಂದ್ರ... ನಾ ಮನಸ್ಸು ಗಟ್ಟಿ ಮಾಡಿ ಸಿಹಿ ಬಿಟ್ಟದ್ದು..."

"ನೀ ಎಲ್ಲಿ ಬಿಟ್ಟೀಪಾ?" ಎಂದಳು ಹುಚ್ಚವ್ವ ಅಕ್ಕರೆಯಿಂದ. "ನಿನಗ ಯಾರು ಕೊಟ್ಟಿದ್ರು?"

ಬಸ್ಸು ನಗಲಿಲ್ಲ. ಡ್ರೈವರನ ಮುಖ ನೋಡುತ್ತ ಕುಳಿತಿತ್ತು. ಬಂಡೆಪ್ಪ ಪೊಟ್ಟಣವನ್ನು ಹುಚ್ಚವ್ವನ ಮಡಿಲಲ್ಲಿ ಇಟ್ಟು, ಇಳಿದು, ಮುಂದೆ ಹೋಗಿ ತನ್ನ ಸೀಟಿನಲ್ಲಿ ಕುಳಿತ. ಕಣ್ಣು ಒರೆಸಿಕೊಂಡ.

"ಏನಾತಲೇ? ಮತ್ತ ಮಂಜಾತೇನು?" ಎಂದು ಚಮನಸಾಬ ಗಾಬರಿಯಾಗಿ ಕೇಳಿದ.

"ಇಲ್ಲಲೇ. ಭಾಳ ನಿಚ್ಚಳ ಕಾಣಾಕತ್ತೇತಿ. ರೈಟ್ ಅನ್ನು."

ಗಾಡಿ ಹೊರಡುವ ಮೊದಲು ಬಂಡೆಪ್ಪ ತಲೆಯ ಮೇಲಿದ್ದ ಕನ್ನಡಿಯನ್ನು ಹಿಡಿದು ಮೇಲಕ್ಕೆ, ಟಾಪಿನ ಕಡೆಗೆ ತಿರುಗಿಸಿದ. ಆಮೇಲೆ ಹಿಂದೆ ನೋಡದೆ ಕೂಗಿ ಹೇಳಿದ:

"ಇನ್ನ ಸಾವಕಾಶ ತಿನ್ರೆವ್ವಾ! ಗಬಗಬ ನುಂಗಿ ಬಿಕ್ಕಬ್ಯಾಡ್ರಿ, ನಾ ನೋಡೂದಿಲ್ಲ!"